ಪ್ರಸಾರ ಭಾರತಿಯ ಕ್ರೀಡಾಪ್ರಸಾರ ಮತ್ತು ಅಂತರಜಾಲದ ಮಿತಿ

ಭಾರತದ ಸಾರ್ವಜನಿಕ ಪ್ರಸಾರ ಸಂಸ್ಥೆಯಾದ ಪ್ರಸಾರ ಭಾರತಿಯು 2024ರ ನವೆಂಬರ್ 20ರಂದು ಗೋವಾದಲ್ಲಿ 'ವೇವ್ಸ್' ಎಂಬ ಅಂತರಜಾಲ ಪ್ರಸಾರ ಸೇವೆಯನ್ನು ಆರಂಭಿಸಿತು. ಆದರೆ ದೂರದರ್ಶನದಲ್ಲಿ ಕಾಣುವ ಎಲ್ಲ ಪಂದ್ಯಗಳನ್ನೂ ಅಂತರಜಾಲದಲ್ಲಿ ನೀಡುವ ಅಧಿಕಾರ ಅದಕ್ಕಿಲ್ಲ.

2007ರ ಕ್ರೀಡಾ ಪ್ರಸಾರ ಸಂಕೇತಗಳ ಕಾಯಿದೆಯ ಪ್ರಕಾರ, ರಾಷ್ಟ್ರೀಯ ಮಹತ್ವದ ಪಂದ್ಯಗಳ ನೇರಪ್ರಸಾರ ಸಂಕೇತವನ್ನು ಖಾಸಗಿ ಹಕ್ಕುದಾರರು ಪ್ರಸಾರ ಭಾರತಿಯೊಡನೆ ಹಂಚಿಕೊಳ್ಳಬೇಕು. ಮರುಪ್ರಸಾರಕ್ಕೆ ಕಾಯಿದೆ ಹೆಸರಿಸಿರುವುದು ಭೂಪ್ರಸಾರ ಹಾಗೂ ಡಿಟಿಎಚ್ ಜಾಲಗಳನ್ನು ಮಾತ್ರ. ಇಂತಹ ಸಂಕೇತವನ್ನು ಖಾಸಗಿ ಕೇಬಲ್ ಮೂಲಕ ನೀಡುವಂತಿಲ್ಲವೆಂದು 2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

2022ರ ವೇಳೆಗೆ ದೂರದರ್ಶನದ ಬಹುತೇಕ ಅನಲಾಗ್ ಭೂಪ್ರಸಾರ ಕೇಂದ್ರಗಳು ಸ್ಥಗಿತಗೊಂಡವು. ಆದ್ದರಿಂದ ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲ್ಲೂಕುಗಳಂತಹ ಪ್ರದೇಶಗಳ ವೀಕ್ಷಕರಿಗೆ ಈ ಪಂದ್ಯಗಳನ್ನು ತಿಂಗಳ ಶುಲ್ಕವಿಲ್ಲದೆ ದೂರದರ್ಶನದಲ್ಲಿ ನೋಡಲು ಮುಖ್ಯವಾಗಿ ಉಳಿದಿರುವುದು ಡಿಡಿ ಫ್ರೀ ಡಿಶ್. ಅದಕ್ಕೂ ಟಿವಿ, ಡಿಶ್ ಆಂಟೆನಾ ಮತ್ತು ಸೆಟ್‌ಟಾಪ್ ಬಾಕ್ಸ್ ಬೇಕು; ಕೇವಲ ಮೊಬೈಲ್ ಫೋನ್ ಉಳ್ಳವರಿಗೆ ಈ ಕಾಯಿದೆಯ ಪ್ರಯೋಜನ ತಲುಪುವುದಿಲ್ಲ.

ಅಪಾರ ಹಣ ತೆತ್ತು ಹಕ್ಕು ಪಡೆದವರ ಹಿತಕ್ಕೆ ಈ ಮಿತಿ ರಕ್ಷಣೆಯಾಗಿದೆ. ಜಾಹೀರಾತು ಆದಾಯವನ್ನು ಹಕ್ಕುದಾರರು ಮತ್ತು ಪ್ರಸಾರ ಭಾರತಿ 75:25ರ ಅನುಪಾತದಲ್ಲಿ ಹಂಚಿಕೊಳ್ಳುವ ವ್ಯವಸ್ಥೆ ದೂರದರ್ಶನ ಪ್ರಸಾರಕ್ಕೆ ಈಗಾಗಲೇ ಇದೆ. ಅದನ್ನು ಅಂತರಜಾಲಕ್ಕೂ ವಿಸ್ತರಿಸಬೇಕಾದರೆ ಕಾಯಿದೆಗೆ ತಿದ್ದುಪಡಿ ಅಗತ್ಯ.