ಇಬ್ಬರು ಬರೆದ ಯಯಾತಿ

ನಮ್ಮ ನಿಪ್ಪಾಣಿ-ಚಿಕ್ಕೋಡಿ ಕಡೆ ಮರಾಠಿಯೂ ನಮ್ಮದೇ, ಕನ್ನಡವೂ ನಮ್ಮದೇ. ಹಿಂಗಾಗಿ ಈ ಸಲ ಎರಡೂ ಕಡೆಯ ಒಂದೊಂದು ಪುಸ್ತಕ ಓದಿದೆ.

ಮೊದಲನೆಯದು ಮರಾಠಿಗೆ ಮೊದಲ ಜ್ಞಾನಪೀಠ ತಂದ ವಿ.ಸ. ಖಾಂಡೇಕರರ ಕಾದಂಬರಿ ‘ಯಯಾತಿ’ (1959), ವಿ.ಎಂ. ಇನಾಂದಾರರ ಅನುವಾದದಲ್ಲಿ. ಯಯಾತಿ, ದೇವಯಾನಿ, ಶರ್ಮಿಷ್ಠೆ ತಮ್ಮ ತಮ್ಮ ಕಥೆಯನ್ನು ತಾವೇ ಹೇಳುತ್ತಾರೆ. ಶರ್ಮಿಷ್ಠೆಯ ಪಾಲು ಓದುವಾಗ ಪುಸ್ತಕ ಕೆಳಗಿಡಲು ಆಗಲಿಲ್ಲ. ಆದರೆ ಸುಭಾಷಿತ ಜಾಸ್ತಿ. ಎಲ್ಲರೂ ಉಪದೇಶ ಮಾಡಾಕ ಕೂತಾರ ಅನ್ನಿಸಿತು.

ಎರಡನೆಯದು ಗಿರೀಶ ಕಾರ್ನಾಡರ ಆತ್ಮಕಥೆ ‘ಆಡಾಡತ ಆಯುಷ್ಯ’ (2011). ಇಲ್ಲಿ ಉಪದೇಶ ಇಲ್ಲ, ಮುಚ್ಚುಮರೆಯೂ ಇಲ್ಲ. ತಾಯಿಯ ಗರ್ಭಪಾತಕ್ಕೆ ಗೊತ್ತಾಗಿದ್ದ ದಿನ ದವಾಖಾನೆಗೆ ಬಾರದೇ ಹೋದ ಡಾಕ್ಟರಿಗೇ ಪುಸ್ತಕ ಅರ್ಪಿಸಿದ್ದಾರೆ!

ಕಾರ್ನಾಡರೂ ‘ಯಯಾತಿ’ ನಾಟಕ (1961) ಬರೆದವರು. ಓದಲು ಇಂಗ್ಲೆಂಡಿಗೆ ಹೊರಟ ಮಗ, ಮನೆಯವರ ಆತಂಕ, ಆ ಜಗ್ಗಾಟದಲ್ಲೇ ಹುಟ್ಟಿದ ನಾಟಕ ಅದು. ಅಲ್ಲಿ ಅಪ್ಪನ ಮುಪ್ಪು ಹೊತ್ತ ಪೂರುವಿಗೆ ಚಿತ್ರಲೇಖೆ ಎಂಬ ಹೆಂಡತಿ ಇದ್ದಾಳೆ. ಆಕೆಯನ್ನು ಯಾರೂ ಕೇಳಲಿಲ್ಲ. ಆಕೆ ವಿಷ ಕುಡಿಯುತ್ತಾಳೆ.

ಅಥಣಿ, ರಾಯಬಾಗದ ಕಬ್ಬಿನ ಹೊಲ ಬಿಟ್ಟು ಪುಣೆ-ಬೆಂಗಳೂರು ಸೇರಿದವರು, ಊರಲ್ಲೇ ಉಳಿದವರು ಇಬ್ಬರಿಗೂ ಇದು ತಟ್ಟುತ್ತದೆ. ‘ಅಪ್ಪ-ಅವ್ವನ ಸಲುವಾಗಿ ಉಳಿದೆ’ ಅನ್ನೋದು ದೊಡ್ಡ ಮಾತೇ. ಆದರೆ ಆ ನಿರ್ಧಾರದ ಭಾರ ಹೊರುವ ಇನ್ನೊಬ್ಬರನ್ನ ಕೇಳಿದ್ರೇನು?

ಒಂದೇ ಓದುವಷ್ಟು ವ್ಯಾಳ್ಯಾ ಇದ್ದರ ಕಾರ್ನಾಡರ ಆತ್ಮಕಥೆ ಓದ್ರಿ. ಖಾಂಡೇಕರರನ್ನ ರಜಾದಾಗ ಸಾವಕಾಶ ಓದಬಹುದು.