ಏರ್‌ಪೋರ್ಟ್‌ನಲ್ಲಿ ಸಿಗರೇಟ್ ಸೇದಬಹುದೇ? ಸ್ಮೋಕಿಂಗ್ ರೂಮ್ ಇದ್ದರೆ ಉಳಿದವರು ಸುರಕ್ಷಿತರೇ?

ದಟ್ಟಗಳ್ಳಿಯಿಂದ ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೋಗುವವರು ಗಂಟೆಗಟ್ಟಲೆ ಬಸ್ಸಿನಲ್ಲಿ ಕೂರಬೇಕು. ಬಸ್ಸಿನಲ್ಲಿ ಸೇದುವಂತಿಲ್ಲ, ವಿಮಾನದಲ್ಲೂ ಸೇದುವಂತಿಲ್ಲ. ಹಾಗಾಗಿ ಅಭ್ಯಾಸ ಇರುವವರು ನಿಲ್ದಾಣದಲ್ಲಿ ಸ್ಮೋಕಿಂಗ್ ರೂಮ್ ಹುಡುಕುತ್ತಾರೆ. ಅದರ ಬಗ್ಗೆ ಇರುವ ಕೆಲವು ನಂಬಿಕೆಗಳನ್ನು ನಾವು ಇಲ್ಲಿ ಪರಿಶೀಲಿಸಿದ್ದೇವೆ.

ಎಲ್ಲ ಏರ್‌ಪೋರ್ಟ್‌ನಲ್ಲೂ ಸ್ಮೋಕಿಂಗ್ ರೂಮ್ ಇರಲೇಬೇಕೇ?

ಇಲ್ಲ. 2003ರ ತಂಬಾಕು ನಿಯಂತ್ರಣ ಕಾಯ್ದೆ ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸಿದೆ. ವಿಮಾನ ನಿಲ್ದಾಣದಲ್ಲಿ ಪ್ರತ್ಯೇಕ ಜಾಗ ಮಾಡಬಹುದು ಎಂದಿದೆ, ಮಾಡಲೇಬೇಕು ಎಂದಿಲ್ಲ. ಮೈಸೂರಿನ ಮಂಡಕಳ್ಳಿಗೂ ಇದೇ ನಿಯಮ. ರೂಮ್ ಎಲ್ಲಿದೆ ಎಂದು ಅಲ್ಲಿನ ಸಿಬ್ಬಂದಿಯನ್ನೇ ಕೇಳಿ. ಟಾಯ್ಲೆಟ್‌ನಲ್ಲಿ ಸೇದಿದರೆ ದಂಡ ಬೀಳುತ್ತದೆ. ಕರ್ನಾಟಕದಲ್ಲಿ 200 ರೂಪಾಯಿ ಇದ್ದ ದಂಡ 2025ರಲ್ಲಿ 1,000 ರೂಪಾಯಿಗೆ ಏರಿದೆ.

ಇ-ಸಿಗರೇಟ್ ಪರವಾಗಿಲ್ಲವೇ?

ಪರವಾಗಿದೆ! 2019ರ ಕಾಯ್ದೆಯ ಪ್ರಕಾರ ಭಾರತದಲ್ಲಿ ಅದರ ಮಾರಾಟ, ಆಮದು, ಸಾಗಣೆ ಎಲ್ಲವೂ ನಿಷಿದ್ಧ. ವಿದೇಶದಿಂದ ತರಲೂಬೇಡಿ.

ವಿಮಾನದ ಟಾಯ್ಲೆಟ್‌ನಲ್ಲಿ ಆಶ್‌ಟ್ರೇ ಇದೆಯಲ್ಲ?

ಅದು ಅನುಮತಿ ಅಲ್ಲ, ಮುನ್ನೆಚ್ಚರಿಕೆ. ನಿಯಮ ಮೀರಿ ಯಾರಾದರೂ ಸೇದಿದರೆ ತುಂಡನ್ನು ಕಾಗದ ತುಂಬಿದ ಕಸದ ಡಬ್ಬಿಗೆ ಎಸೆಯದಿರಲಿ ಎಂದು ಇಟ್ಟಿದ್ದಾರೆ. 1973ರಲ್ಲಿ ಪ್ಯಾರಿಸ್ ಬಳಿ ವಾರಿಗ್ ವಿಮಾನದ ಟಾಯ್ಲೆಟ್ ಭಾಗದಲ್ಲಿ ಹೊತ್ತಿದ ಬೆಂಕಿಗೆ 123 ಜನ ಬಲಿಯಾದರು.

ರೂಮಿನ ಬಾಗಿಲು ಮುಚ್ಚಿದ್ದರೆ ಹೊರಗಿನವರಿಗೆ ತೊಂದರೆ ಇಲ್ಲವೇ?

ಇದೆ. ನಾಲ್ಕೂ ಕಡೆ ಪೂರ್ತಿ ಗೋಡೆ, ತಾನಾಗಿ ಮುಚ್ಚುವ ಬಾಗಿಲು, ಹೊಗೆಯನ್ನು ಕಟ್ಟಡದ ಹೊರಕ್ಕೆ ತಳ್ಳುವ ವ್ಯವಸ್ಥೆ ಇರಬೇಕೆಂದು 2008ರ ನಿಯಮ ಹೇಳುತ್ತದೆ. ಆದರೂ ಬಾಗಿಲು ತೆರೆದಾಗಲೆಲ್ಲ ಹೊಗೆ ಹೊರಬರುತ್ತದೆ. 2012ರಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರ (ಸಿಡಿಸಿ) ಅಲ್ಲಿನ ನಿಲ್ದಾಣಗಳ ಗಾಳಿ ಅಳೆಯಿತು. ಸ್ಮೋಕಿಂಗ್ ಜಾಗಗಳ ಪಕ್ಕದಲ್ಲೇ ಇದ್ದ ಗಾಳಿಯ ಮಾಲಿನ್ಯ, ಪೂರ್ತಿ ಹೊಗೆಮುಕ್ತ ನಿಲ್ದಾಣಗಳಿಗಿಂತ ಸರಾಸರಿ 5 ಪಟ್ಟು ಹೆಚ್ಚಿತ್ತು. ಇತರರು ಬಿಟ್ಟ ಹೊಗೆಗೆ ಸುರಕ್ಷಿತ ಪ್ರಮಾಣ ಎಂಬುದೇ ಇಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆ ರೂಮನ್ನು ಗುಡಿಸಿ ಒರೆಸುವ ಕೆಲಸದವರಂತೂ ದಿನವೂ ಅದನ್ನೇ ಉಸಿರಾಡಬೇಕು.

ಹಾಗಾದರೆ ಏನು ಮಾಡಬೇಕು?

ಮಕ್ಕಳು, ಬಸುರಿಯರು, ಅಸ್ತಮಾ ಇರುವವರು ಜೊತೆಗಿದ್ದರೆ ಆ ರೂಮಿನ ಬಾಗಿಲಿನಿಂದ ದೂರದ ಸೀಟು ಹಿಡಿಯಿರಿ. ಸೇದುವುದನ್ನು ಬಿಡಬೇಕೆನ್ನುವವರಿಗೆ ಸರ್ಕಾರದ ಉಚಿತ ಸಹಾಯವಾಣಿ ಇದೆ: 1800-11-2356. ಫಾರ್ವರ್ಡ್ ಮಾಡುವುದಾದರೆ ಈ ನಂಬರ್ ಮಾಡಿ.