ವಿದ್ಯಾರ್ಥಿಗಳ ತಪ್ಪು ಉತ್ತರಗಳು

ವಿಜಯಪುರದ ಶೆರ್ಜಾ ಬುರುಜಿನ ಮೇಲಿರುವ ಮಲಿಕ್-ಎ-ಮೈದಾನ್ ತೋಪನ್ನು ನೋಡಹೋದವರು ಒಂದು ಮಾತನ್ನು ತಪ್ಪದೆ ಕೇಳಿ ಬರುತ್ತಾರೆ: ಎಂಥ ಬಿಸಿಲಿನಲ್ಲಿಯೂ ಅದು ತಣ್ಣಗಿರುತ್ತದಂತೆ. ಕಾರಣವೇನೆಂದು ನಾವು ತರಗತಿಯಲ್ಲಿ ಕೇಳಿದರೆ, ಲೋಹದ ಸ್ವಭಾವವೇ ತಂಪು ಎಂಬ ಉತ್ತರ ಬರುತ್ತದೆ. ಬೆಂಚಿನ ಕಬ್ಬಿಣದ ಕಾಲು ಅದರ ಹಲಗೆಗಿಂತ ತಣ್ಣಗಿಲ್ಲವೆ ಎಂದು ಸಾಕ್ಷಿಯನ್ನೂ ಒದಗಿಸುತ್ತಾರೆ.

ಈ ಉತ್ತರ ತಪ್ಪು. ಆದರೆ ಮೂರ್ಖ ಉತ್ತರವಲ್ಲ. ಕೈ ಹೇಳಿದುದನ್ನೇ ಹುಡುಗ ಹೇಳಿದ್ದಾನೆ. ಉಷ್ಣತಾಮಾಪಕವನ್ನು ಹಲಗೆಗೂ ಕಬ್ಬಿಣಕ್ಕೂ ಒರಗಿಸಿಟ್ಟು ಕೆಲಹೊತ್ತು ಕಾದರೆ ಎರಡರ ಉಷ್ಣತೆಯೂ ಒಂದೇ ಎಂದು ತಿಳಿಯುತ್ತದೆ. ಕಬ್ಬಿಣವು ನಮ್ಮ ಕೈಯ ಉಷ್ಣವನ್ನು ಬೇಗ ಸಾಗಿಸುತ್ತದೆ, ಮರ ನಿಧಾನವಾಗಿ. ಕೈಗೆ ತಿಳಿಯುವುದು ಈ ಸಾಗಣೆಯೇ ಹೊರತು ವಸ್ತುವಿನ ಉಷ್ಣತೆಯಲ್ಲ. ನಮ್ಮ ಊರಿನಲ್ಲಿ ಇದಕ್ಕೆ ಇನ್ನೊಂದು ಪರೀಕ್ಷೆಯೂ ಸುಲಭ. ನೆರಳಿನಲ್ಲಿಯೇ 40 ಡಿಗ್ರಿ ದಾಟಿದ ಮೇ ತಿಂಗಳ ಮಧ್ಯಾಹ್ನ ಅದೇ ಬೆಂಚನ್ನು ಮುಟ್ಟಿ ನೋಡಿರಿ. ಈಗ ಕಬ್ಬಿಣವೇ ಹೆಚ್ಚು ಬಿಸಿ! ಗಾಳಿಯ ಉಷ್ಣತೆ ಮೈಯುಷ್ಣತೆಯನ್ನು ಮೀರಿರುವುದರಿಂದ ಉಷ್ಣವು ಕಬ್ಬಿಣದಿಂದ ಕೈಗೆ ಹರಿಯುತ್ತಿದೆ. ಜನವರಿಯಲ್ಲಿ ತಂಪು, ಮೇ ತಿಂಗಳಲ್ಲಿ ಬಿಸಿ, ಇದನ್ನು ಸ್ವಭಾವವೆನ್ನಬಹುದೆ?

ಇನ್ನು ತೋಪಿನ ಮಾತು. 1549ರಲ್ಲಿ ಎರಕಹೊಯ್ದ ಅದರ ತೂಕ ಸುಮಾರು 55 ಟನ್. ತೂಕಕ್ಕೆ ತೂಕ ಹೋಲಿಸಿದರೆ ಕಂಚಿಗೆ ಬೇಕಾಗುವ ಉಷ್ಣ ನೀರಿಗೆ ಬೇಕಾದುದರ ಹತ್ತನೆಯ ಒಂದು ಪಾಲಿಗಿಂತ ತುಸು ಕಡಿಮೆ. ಆದರೂ ಅಷ್ಟು ದೊಡ್ಡ ತೋಪನ್ನು ಒಂದು ಡಿಗ್ರಿ ಏರಿಸುವುದೆಂದರೆ 5000 ಲೀಟರ್ ನೀರಿನ ಟ್ಯಾಂಕರನ್ನು ಒಂದು ಡಿಗ್ರಿ ಏರಿಸಿದಂತೆ. ರಾತ್ರಿಯ ತಂಪು ಅದರಲ್ಲಿ ಹೊತ್ತೇರುವವರೆಗೂ ಉಳಿದರೆ ಆಶ್ಚರ್ಯವಿಲ್ಲ. ನಡುಹಗಲಿನಲ್ಲಿಯೂ ಉಳಿಯುತ್ತದೆಂದು ನಂಬುವ ಮುನ್ನ ಮಾತ್ರ ಉಷ್ಣತಾಮಾಪಕವನ್ನು ಕೇಳತಕ್ಕದ್ದು.

ನಮ್ಮ ಮಾತುಗಳೂ ಗೊಂದಲವನ್ನು ಬೆಳೆಸಿವೆ. ಪಠ್ಯದಲ್ಲಿ ಉಷ್ಣ ಬೇರೆ, ಉಷ್ಣತೆ ಬೇರೆ. ನಡುವೆ ಇರುವುದು ಒಂದು ಪ್ರತ್ಯಯ ಮಾತ್ರ. ಪತ್ರಿಕೆಗಳು 'ಗರಿಷ್ಠ ಉಷ್ಣಾಂಶ' ಎಂದು ಬರೆಯುತ್ತವೆ. ಓದಿದವರಿಗೆ ಅದು ಉಷ್ಣದ ಪ್ರಮಾಣವೆಂದೇ ತೋರುತ್ತದೆ. ಮನೆಯಲ್ಲಿ ಪಪ್ಪಾಯಿ ತಿಂದರೂ ಉಷ್ಣ! ಇವೆರಡು ಭಾವನೆಗಳನ್ನು ಸ್ಪಷ್ಟವಾಗಿ ಬೇರ್ಪಡಿಸಿದವನು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್, ಅದೂ 1760ರ ಸುಮಾರಿಗೆ. ಪಂಡಿತರಿಗೇ ಅಷ್ಟು ಕಾಲ ಹಿಡಿದುದನ್ನು ವಿದ್ಯಾರ್ಥಿಯು ಒಂದು ಅವಧಿಯಲ್ಲಿ ಅರಿಯಬೇಕೆಂದು ನಾವು ಬಯಸುತ್ತೇವೆ.

ಚಲನೆಯಲ್ಲಿಯೂ ಹೀಗೆಯೇ. ಗೋಳಗುಮ್ಮಟದ ಮುಂದಿನ ಬಯಲಿನಲ್ಲಿ ನೆಟ್ಟಗೆ ಮೇಲಕ್ಕೆಸೆದ ಕಲ್ಲು ತುತ್ತತುದಿಯಲ್ಲಿರುವಾಗ ಅದರ ವೇಗವೆಷ್ಟು, ವೇಗೋತ್ಕರ್ಷವೆಷ್ಟು? ಎರಡೂ ಸೊನ್ನೆ ಎಂಬುದೇ ಬಹುಮತ. ವೇಗೋತ್ಕರ್ಷವೂ ಸೊನ್ನೆಯಾದರೆ ಕಲ್ಲು ಅಂತರದಲ್ಲಿಯೇ ನಿಂತುಬಿಡಬೇಕಲ್ಲವೆ? ಕೈಯ ಬಲ ಕಲ್ಲಿನೊಳಗೆ ಸೇರಿ, ಏರುತ್ತ ಏರುತ್ತ ತೀರಿಹೋಗುತ್ತದೆಂದು ಅವರ ಕಲ್ಪನೆ. ಪ್ಯಾರಿಸಿನ ಬುರಿಡಾನನು 14ನೆಯ ಶತಮಾನದಲ್ಲಿ ಹೆಚ್ಚುಕಡಿಮೆ ಇದನ್ನೇ ಬೋಧಿಸಿದ್ದನು. 1687ರಲ್ಲಿ ನ್ಯೂಟನ್ನನ ಗ್ರಂಥ ಬರುವ ಹೊತ್ತಿಗೆ ಮೂರು ಶತಮಾನಗಳು ಕಳೆದಿದ್ದುವು. ಕಲ್ಲು ಕೈ ಬಿಟ್ಟೊಡನೆ ಕೈಯ ಬಲ ಮುಗಿಯಿತು. ಗಾಳಿಯ ತಡೆಯನ್ನು ಬಿಟ್ಟರೆ ಆಮೇಲೆ ಉಳಿಯುವುದು ಭೂಮಿಯ ಸೆಳೆತವೊಂದೇ, ಏರುವಾಗಲೂ ತುದಿಯಲ್ಲಿಯೂ ಇಳಿಯುವಾಗಲೂ.

ನಮಗೆ ವ್ಯಥೆಯಾಗುವುದು ತಪ್ಪು ಉತ್ತರದಿಂದಲ್ಲ, ಅದು ಹೊರಬೀಳದೆ ಹೋಗುವುದರಿಂದ. ವ್ಯಾಖ್ಯೆಯನ್ನು ಒಪ್ಪಿಸಿದವನಿಗೆ ಪೂರ್ತಿ ಅಂಕ. ಒಳಗಿನ ನಂಬಿಕೆ ಒಳಗೇ ಕ್ಷೇಮ. ಆದುದರಿಂದ ಪಾಠಕ್ಕೆ ಮೊದಲು ವಿದ್ಯಾರ್ಥಿಯ ಉತ್ತರವನ್ನೇ ಕರಿಹಲಗೆಯ ಮೇಲೆ ಬರೆದು, ಅದು ಎಲ್ಲಿ ಸೋಲುತ್ತದೆಂದು ಪರೀಕ್ಷಿಸಬೇಕು. ಪಠ್ಯಭಾಗ ಮುಗಿಯುವುದಿಲ್ಲವೆಂದು ನಮ್ಮ ವೃತ್ತಿಬಾಂಧವರು ಆಕ್ಷೇಪಿಸುತ್ತಾರೆ. ಮುಗಿಯದಿರಬಹುದು, ಆದರೆ ಈಗಲಾದರೂ ಮುಗಿಯುತ್ತಿರುವುದು ಪುಸ್ತಕವೇ ಹೊರತು ಕಲಿಕೆಯಲ್ಲ. ನಗೆಗೆ ಅಂಜಿ ಸಂದೇಹವನ್ನು ನುಂಗಿಕೊಳ್ಳುವ ವಿದ್ಯಾರ್ಥಿಗಳೂ ಇದರಲ್ಲಿ ಪಾಲುಗಾರರೇ.

ನೀರು ಆವಿಯಾಗುವುದು ಯಾವಾಗ ಎಂದು ಒಮ್ಮೆ ಕೇಳಿದೆವು. ನೂರು ಡಿಗ್ರಿಯಲ್ಲಿ ಎಂದು ಇಡೀ ತರಗತಿ ಒಕ್ಕೊರಲಿನಿಂದ ಕೂಗಿತು. ತಿಕೋಟಾ, ಬಬಲೇಶ್ವರಗಳ ದ್ರಾಕ್ಷಿ ಬೆಳೆಗಾರರ ಮನೆಯ ಹುಡುಗರೂ ಅವರಲ್ಲಿದ್ದರು. ಅವರ ತೋಟಗಳಲ್ಲಿ ದ್ರಾಕ್ಷಿಯನ್ನು ಬಿಸಿಲು ತಾಗದಂತೆ ಚಪ್ಪರದಡಿಯ ಬಲೆಗಳ ಮೇಲೆ ಹರಡುತ್ತಾರೆ. ಸುತ್ತಲೂ ಗಾಳಿಗೆ ತೆರಪು. ಹದಿನೈದು ದಿನಗಳಲ್ಲಿ ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮಣೂಕವಾಗುತ್ತದೆ. ಮೂರು ಕಿಲೋ ನೀರು ಎಲ್ಲಿಗೆ ಹೋಯಿತು, ಒಲೆ ಹೊತ್ತಿಸಿದವರಾರು ಎಂದೆವು. ತರಗತಿ ಸುಮ್ಮನಾಯಿತು. ಕಡೆಯ ಸಾಲಿನಿಂದ ತಿಕೋಟಾದ ಹುಡುಗನೊಬ್ಬ ಎದ್ದು ನಿಂತು, "ಸರ, ಹಂಗಾರ ಮಾಡ ಮುಸುಕಿದಾಗ ಮಣೂಕ ಒಣಗಾಕ ಯಾಕ ತಡಾ ಆಗತೈತ್ರಿ?" ಎಂದು ಕೇಳಿದನು. ಗಾಳಿಯ ತೇವದ ವಿಚಾರದಲ್ಲಿಯೇ ಅಂದಿನ ಅವಧಿ ಕಳೆಯಿತು; ಬರೆಸಬೇಕಾಗಿದ್ದ ವ್ಯಾಖ್ಯೆಗಳು ಮರುದಿನಕ್ಕೆ ಉಳಿದುವು.